ಹಳೇ ಜೀಪಿಗೆ ಎರಡು ಬೆಲ್ಟು

ಜಗಳವಾಡಿ ದೂರ ದೂರ ಕೂತ ಗಂಡಹೆಂಡಿರನ್ನು ಜನ ಅರ್ಥ ಮಾಡಿಕೊಳ್ಳುತ್ತಾರೆ. ಜಗಳವೇ ಇಲ್ಲದೆ ದೂರ ಕೂತವರನ್ನು ಮಾತ್ರ ಯಾರೂ ನಂಬುವುದಿಲ್ಲ. ನಾನೂ ನನ್ನ ಹೆಂಡತಿ ಸರೋಜಳೂ ಕೆಲವು ವರ್ಷ ಹೀಗೆ ಯಾರೂ ನಂಬದ ಸಂಸಾರ ಮಾಡಿದೆವು. ಹೊಳೆನರಸೀಪುರದಲ್ಲಿ ಮದುವೆಯಿದ್ದರೆ ಹಾಸನದಿಂದ ಅವಳು ಬಸ್ಸಿನಲ್ಲಿ ಹೊರಡುತ್ತಿದ್ದಳು. ಆ ಬಸ್ಸಿನ ಹೊಗೆ ಕುಡಿಯುತ್ತಾ ಹಿಂದೆ ಹಿಂದೆ ನಾನು ಜೀಪಿನಲ್ಲಿ. ಛತ್ರದ ಬಾಗಿಲಲ್ಲಿ ಪನ್ನೀರು ಚಿಮುಕಿಸುವವರು ನಮ್ಮಿಬ್ಬರ ಮುಖವನ್ನೂ ಸರದಿಯಂತೆ ನೋಡುತ್ತಿದ್ದರು. ಅವಳ ಚಿಕ್ಕಮ್ಮನಂತೂ ಒಮ್ಮೆ ನನ್ನನ್ನು ಕಂಬದ ಮರೆಗೆ ಕರೆದು, "ಏನೇ ಇರ್ಲಿ ಅಳಿಯಂದ್ರೆ, ಹೆಣ್ಣುಮಕ್ಳು ಒಂದು ಮಾತು ಅಂತಾರೆ, ನೀವೇ ಸ್ವಲ್ಪ ಅನುಸರಿಸ್ಕೊಂಡು ಹೋಗಿ" ಎಂದು ಬುದ್ಧಿ ಹೇಳಿದರು. ಅನುಸರಿಸಿಕೊಂಡೇ ಬಂದಿದ್ದೇನೆ, ಬಸ್ಸು ನಿಂತಲ್ಲೆಲ್ಲ ನಿಂತು ಬಂದಿದ್ದೇನೆ ಎಂದು ಅವರಿಗೆ ಹೇಗೆ ಹೇಳಲಿ?

ಜೀಪು ನಮ್ಮಪ್ಪ ಹರಾಜಿನಲ್ಲಿ ಹಿಡಿದದ್ದು. ಬಾಗಿಲಿಲ್ಲ, ಮೇಲೆ ಕ್ಯಾನ್ವಾಸು. "ಬಾಗಿಲು ಹಾಕ್ಕೊಳ್ಳಕ್ಕೆ ಅದೇನು ಮನೆಯೇನಯ್ಯ?" ಎನ್ನುತ್ತಿದ್ದರು ಅಪ್ಪ. ಮದುವೆಯಾದ ಹೊಸದರಲ್ಲಿ ಸರೋಜ ಅದರಲ್ಲಿ ನನ್ನ ಪಕ್ಕ ಕೂತು ಶ್ರವಣಬೆಳಗೊಳಕ್ಕೆ ಬಂದಿದ್ದಳು, ದಾರಿಯುದ್ದಕ್ಕೂ ಹಾಡಿದ್ದಳು. ಆಮೇಲೆ ಅವಳ ತಮ್ಮ ರಘು ಹೋದ. ಅರಕಲಗೂಡಿನ ಹತ್ತಿರ ಒಂದು ತಿರುವು. ಅಡ್ಡ ಬಂದ ನಾಯಿಯನ್ನು ಉಳಿಸಲು ಹೋಗಿ ಅವನ ಜೀಪು ಚರಂಡಿಗೆ ವಾಲಿತು. ಪಕ್ಕದಲ್ಲಿದ್ದ ಸರೋಜ ಮುಂದಿನ ಕಂಬಿ ಹಿಡಿದುಕೊಂಡು ಉಳಿದಳು. ಓಡಿಸುತ್ತಿದ್ದವನು ಹೊರಕ್ಕೆ ಬಿದ್ದ. ನಾಯಿಗೆ ಏನೂ ಆಗಲಿಲ್ಲ.

ಆವತ್ತಿನಿಂದ ಅವಳು ಜೀಪು ಹತ್ತಲಿಲ್ಲ. ಮಾರಿಬಿಡುತ್ತೇನೆ ಎಂದರೆ, "ಮಾವನೋರು ಆಸೆಪಟ್ಟು ತಂದಿದ್ದು, ಇರ್ಲಿ ಬಿಡಿ" ಎಂದಳು. ನಾನೂ ಬಸ್ಸಿನಲ್ಲೇ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಬಹುದಿತ್ತು. ಆದರೆ ಅಪ್ಪನಿಂದ ನನಗೆ ಬಂದ ಆಸ್ತಿಯೆಂದರೆ ಜೀಪು ಮತ್ತು ಹಠ, ಎರಡೇ. ಬಸ್ಸಿನಲ್ಲಿ ಅವಳು ಯಾವಾಗಲೂ ಕೊನೆಯ ಸಾಲಿನಲ್ಲೇ ಕೂರುತ್ತಿದ್ದಳು. ಎತ್ತಿಹಾಕುವ ಸೀಟು ಅದು. ಪಾಪ, ಮುಂದೆ ಜಾಗ ಸಿಗಲಿಲ್ಲವೇನೋ ಎಂದುಕೊಳ್ಳುತ್ತಿದ್ದೆ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಒಂದು ದಿನ ಜಡತ್ವದ ಪಾಠ ಮಾಡುತ್ತಾ, "ಬಸ್ಸು ಬ್ರೇಕ್ ಹಾಕಿದರೂ ಒಳಗಿದ್ದವನ ದೇಹ ಮುಂದಕ್ಕೇ ಹೋಗುತ್ತದೆ" ಎಂದವನು ಅಲ್ಲೇ ನಿಂತುಬಿಟ್ಟೆ. ಹೊಸ ಕಾರುಗಳಿಗೆಲ್ಲ ಸೀಟ್ ಬೆಲ್ಟ್ ಬರುತ್ತಿದ್ದ ಕಾಲ. ನಮ್ಮ ಜೀಪಿಗೆ ಯಾಕೆ ಹಾಕಿಸಬಾರದು? ಸಂಜೆಯೇ ಸಾಲಗಾಮೆ ರಸ್ತೆಯ ಮೆಕ್ಯಾನಿಕ್ ಮೂರ್ತಿಯ ಗ್ಯಾರೇಜಿಗೆ ಹೋದೆ.

ಮೂರ್ತಿ ಗುಜರಿ ಕಾರೊಂದರ ಬೆಲ್ಟನ್ನು ಹಾವಿನಂತೆ ಕೈಯಲ್ಲಿ ಹಿಡಿದು ಬಂದ. "ಈ ತಗಡ್ಗೆ ಎರಡು ಸ್ಕ್ರೂ ಒಡ್ದು ಕೂರಿಸ್ಬುಡ್ತೀನಿ ಸಾ, ಟೀ ಕುಡ್ದು ಬರೋದ್ರೊಳ್ಗೆ ರೆಡಿ."

ಬೆಲ್ಟಿನ ಅಂಚು ನೂಲು ಬಿಟ್ಟಿತ್ತು. ತಗಡು ಬೆರಳಲ್ಲಿ ಒತ್ತಿದರೆ ತುಕ್ಕು ಉದುರಿಸುತ್ತಿತ್ತು. ಬೇಡಯ್ಯ ಎಂದೆ. ಹೊಸ ಬೆಲ್ಟೇ ಆಗಬೇಕು. ಅದರ ಬೋಲ್ಟು ತಗಡಿಗಲ್ಲ, ಕೆಳಗಿನ ಛಾಸಿಯ ಉಕ್ಕಿನ ಚೌಕಟ್ಟಿಗೆ ದಪ್ಪ ಪಟ್ಟಿ ಕೊಟ್ಟು ಕಚ್ಚಿಸಬೇಕು. ಮುಂದಕ್ಕೆ ಮಗುಚುವ ಸೀಟನ್ನು ಮೊದಲು ಅಲ್ಲಾಡದಂತೆ ಬಿಗಿಯಬೇಕು. ಭುಜದ ಮೇಲೆ ಬರುವ ಪಟ್ಟಿಗೆ ಆಸರೆಯಾಗಿ ಸೀಟಿನ ಹಿಂದೆ ಗಟ್ಟಿ ಪೈಪಿನ ಕಮಾನು ನಿಲ್ಲಿಸಿ, ಅದರ ಕಾಲನ್ನೂ ಛಾಸಿಗೇ ಸೇರಿಸಬೇಕು. ಜಡತ್ವದ ಪಾಠ ಇನ್ನೊಮ್ಮೆ ಮಾಡಿದೆ. ನನ್ನ ವಿದ್ಯಾರ್ಥಿಗಳಂತೆಯೇ ಮೂರ್ತಿಯೂ ರಸ್ತೆ ನೋಡುತ್ತಾ ಕೇಳಿಸಿಕೊಂಡ. "ಒಂದ್ಸೀಟ್ಗೋ ಎರಡ್ಕೂವೋ?" ಎಂದ. ನಾನು ಯೋಚಿಸುವಷ್ಟರಲ್ಲಿ ಅವನೇ, "ಡ್ರೈವರ್ಗ್ ಯಾಕ್ ಬುಡಿ ಸಾ! ಸ್ಟೀರಿಂಗ್ ಇಡ್ಕೊಂಡಿರ್ತಾನಲ್ಲ, ಅದೇ ಅವನ್ಗೆ ಬೆಲ್ಟು" ಎಂದ. ಹೌದಲ್ಲ ಎಂದುಕೊಂಡೆ. ನಮ್ಮ ಕಡೆ ಗಂಡಸರೆಲ್ಲ ನಂಬಿರುವ ಮಾತು ಅದು. ಜಡತ್ವಕ್ಕೆ ಡ್ರೈವರು ಪ್ರಯಾಣಿಕರೆಂಬ ಭೇದವಿಲ್ಲ ಎಂದು ಈಗಷ್ಟೇ ಪಾಠ ಮಾಡಿದ್ದ ಮಹಾಶಯ ನಾನು, ಹೂಂಗುಟ್ಟಿ ಮನೆಗೆ ಬಂದೆ.

ಕೆಲಸ ಮುಗಿದ ಮೇಲೆ ಜೀಪನ್ನು ಮನೆಮುಂದೆ ನಿಲ್ಲಿಸಿ ಸರೋಜಳನ್ನು ಕರೆದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಬೆಲ್ಟನ್ನು ಜೋರಾಗಿ ಎಳೆದಳು. ಬಗ್ಗಿ ಕೆಳಗಿನ ಬೋಲ್ಟನ್ನೂ ನೋಡಿದಳು. ನನಗೆ ಶ್ರವಣಬೆಳಗೊಳದ ದಾರಿಯ ಹಾಡು ಕೇಳಿಸತೊಡಗಿತ್ತು.

"ಚೆನ್ನಾಗಿದೆ. ನಿಮ್ದೆಲ್ಲಿ?" ಎಂದಳು.

"ನನಗ್ಯಾಕೆ? ಸ್ಟೀರಿಂಗ್ ಹಿಡ್ಕೊಂಡಿರ್ತೀನಲ್ಲ."

ಅವಳು ಬೆಲ್ಟನ್ನು ಮೆಲ್ಲಗೆ ಕೈಬಿಟ್ಟಳು. "ರಘುನೂ ಸ್ಟೀರಿಂಗ್ ಹಿಡ್ಕೊಂಡೇ ಇದ್ದ ಕಣ್ರೀ."

ಅವಳು ಮೆಟ್ಟಿಲು ಹತ್ತುತ್ತಾ ತಿರುಗಿ, "ಇಷ್ಟು ವರ್ಷ ಬಸ್ಸಲ್ಲಿ ಹಿಂದಿನ ಸೀಟಲ್ಲೇ ಯಾಕೆ ಕೂತ್ಕೋತಿದ್ದೆ ಅಂದ್ಕೊಂಡಿದ್ರಿ? ಹಿಂದಿನ ಗಾಜಲ್ಲಿ ನೀವು ಕಾಣ್ತೀರಿ ಅಂತ" ಎಂದು ಒಳಗೆ ಹೋದಳು. ಅವಳ ಭಯ ಅವಳದೇ ಪ್ರಾಣದ್ದು ಎಂದು ನಾನು ತಿಳಿದಿದ್ದೆ. ಅಯ್ಯೋ ನನ್ನ ಬುದ್ಧಿಯೇ! ಮಾರನೆಯ ದಿನವೇ ಮೂರ್ತಿಯ ಮುಂದೆ ನಿಂತು ಎರಡನೆಯ ಬೆಲ್ಟನ್ನೂ ಹಾಕಿಸಿದೆ. "ಏರೋಪ್ಲೇನ್ ಮಾಡ್ಬುಟ್ರಿ ಕಣ್ ಸಾ" ಎಂದು ಅವನು ನಕ್ಕ. ನಗಲಿ.

ಆ ಭಾನುವಾರ ಸರೋಜ ಜೀಪು ಹತ್ತಿದಳು. ಮೊದಲು ನನ್ನ ಬೆಲ್ಟನ್ನು ಎಳೆದು ನೋಡಿ, ಆಮೇಲೆ ತನ್ನದನ್ನು ಹಾಕಿಕೊಂಡಳು. ಅರಕಲಗೂಡಿನ ಆ ತಿರುವಿನಲ್ಲಿ ನಿಧಾನ ಮಾಡಿದೆ. ಅವಳು ಕಣ್ಣು ಮುಚ್ಚಿಕೊಂಡಿದ್ದಳು, ಕೈ ಮಾತ್ರ ಕಂಬಿಯ ಮೇಲಿರಲಿಲ್ಲ; ನನ್ನ ಬೆಲ್ಟಿನ ಮೇಲಿತ್ತು. ಹಾಡಲಿಲ್ಲ. ತಿರುವು ದಾಟಿದ ಮೇಲೆ, "ಗೇರ್ ಹಾಕಿ, ಗಾಡಿ ಅಳ್ತಿದೆ" ಎಂದಳು. ಅಳುತ್ತಿದ್ದುದು ಗಾಡಿಯೊಂದೇ ಅಲ್ಲ.

ಚಿಕ್ಕಮ್ಮನವರು ತಮ್ಮ ಬುದ್ಧಿವಾದದಿಂದಲೇ ನಾವು ಒಂದಾದೆವೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ, ತಿರುಗಲಿ. ಈಗ ಮನೆಮುಂದೆ ಜೀಪನ್ನು ಬಿಸಿಲಿನಿಂದ ನೆರಳಿಗೆ ಸರಿಸಲು ಹೋದರೂ ಅವಳು ಒಗ್ಗರಣೆ ಇಳಿಸಿಟ್ಟು ಬಂದು ಬೆಲ್ಟು ಎಳೆದು ನೋಡುತ್ತಾಳೆ. ಎದುರುಮನೆಯ ಹುಡುಗರು ಕಾಂಪೌಂಡ್ ಮೇಲೆ ಕೂತು ನಗುತ್ತಾರೆ. ನೆರಳಿಗೆ ಹೋಗಲು ಬೆಲ್ಟು ಕಟ್ಟಿಕೊಳ್ಳುವ ಮೇಷ್ಟ್ರು ಹಾಸನದಲ್ಲಿ ನಾನೊಬ್ಬನೇ ಇರಬೇಕು. ಆದರೂ, ಅವಳು ಬರುವುದು ತಡವಾದರೆ, ಎಂಜಿನ್ ಸ್ಟಾರ್ಟ್ ಮಾಡದೆ ಕಾಯುತ್ತಾ ಕೂತಿರುತ್ತೇನೆ.