ಮಧ್ಯಸ್ಥಿಕೆಗೆ ಹೋದ ಅಡುಗೆಮನೆ ಟೈಮರ್

ಮಂದಿಯ ಜಗಳ ಬಗೆಹರಿಸುವ ಮಧ್ಯಸ್ಥಗಾರನಿಗೆ ಕಾನೂನು ಒಂದಿಷ್ಟು ಕಡಿಮೆ ಗೊತ್ತಿದ್ದರೂ ನಡೆದೀತು, ಗಡಿಯಾರ ಮಾತ್ರ ಗೊತ್ತಿರಲೇಬೇಕು ಎಂದು ಹೈದರಾಬಾದಿನ ಕಿರಿಯ ವಕೀಲರಿಗೆ ನಾನು ಹೇಳುತ್ತ ಬಂದಿದ್ದೇನೆ. ಹೇಳತೊಡಗಿದರೆ ಅವರ ಊಟದ ಹೊತ್ತು ಮೀರುವುದೂ ಉಂಟು. ಈ ತತ್ವಕ್ಕಾಗಿಯೇ, ಹೆಂಡತಿ ಕೇಕ್ ಬೇಯಿಸುವಾಗ ತಿರುಗಿಸಿಡುವ ಟೊಮೆಟೊ ಆಕಾರದ ಟೈಮರನ್ನು ಒಯ್ದು ಮಾತುಕತೆಯ ಮೇಜಿನ ಮೇಲಿಟ್ಟೆ. ಅದು ಕಿರ್ರೆಂದರೆ ಎಂಥ ವಾಚಾಳಿಯೂ ಬಾಯಿ ಮುಚ್ಚಬೇಕು. ಅಂದಿನಿಂದ ಮನೆಯಲ್ಲಿ ಕೇಕ್ ಸೀಯತೊಡಗಿತು. ನ್ಯಾಯಕ್ಕಾಗಿ ಇಷ್ಟಾದರೂ ತ್ಯಾಗ ಬೇಡವೇ ಎಂದುಕೊಂಡೆ.

ಕಳೆದ ಶನಿವಾರ ಬೇಗಂ ಬಜಾರಿನ ಅಣ್ಣತಮ್ಮಂದಿರ ಪ್ರಕರಣ. ಮೂಲ ಬೀದರಿನವರು; ಅಪ್ಪನ ಮಸಾಲೆ ಅಂಗಡಿ, ಗೋದಾಮು, ಕೊನೆಗೆ ಬೋರ್ಡಿನ ಮೇಲಿನ ಹೆಸರಿಗೂ ಬಡಿದಾಡಿಕೊಂಡು ಬಂದವರು. ಅದೇ ಸಂಜೆ ಮಿಯಾಪುರದ ನಮ್ಮ ಮನೆಗೆ ರಾಯಚೂರಿನ ಗಂಡಿನ ಕಡೆಯವರು ಬರುವವರಿದ್ದರು. ಮಗಳೂ ಆ ಹುಡುಗನೂ ಒಪ್ಪಿಕೊಂಡಾಗಿತ್ತು. ಹಿರಿಯರು ಕೂತು ಹೂಂ ಅನ್ನುವುದಷ್ಟೇ ಬಾಕಿ. "ತಡಾ ಮಾಡಿದ್ರ ಅವರು ರೈಲಿಗೆ ಎದ್ದು ಹೋಗ್ತಾರ ನೋಡ್ರಿ, ಆಮ್ಯಾಲ ಮಗಳಿಗೆ ನೀವೇ ಜವಾಬು ಹೇಳ್ರಿ" ಎಂದಿದ್ದಳು ಹೆಂಡತಿ. ನಾನು ನಕ್ಕಿದ್ದೆ. ಟೈಮರ್ ಇದ್ದವನಿಗೆ ಎಲ್ಲಿಯ ತಡ?

ನಿಜಕ್ಕೂ ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು. ಅಂಗಡಿ ಅಣ್ಣನಿಗೆ, ಗೋದಾಮು ತಮ್ಮನಿಗೆ, ಹೆಸರು ಇಬ್ಬರಿಗೂ. ಉಳಿದದ್ದು ಸಹಿ. ಅಣ್ಣ ಪೆನ್ನು ಕೆಳಗಿಟ್ಟ. "ಮೊದ್ಲ ಅವ ಮಾಡ್ಲಿ ಸಾಹೇಬ್ರ, ಸಣ್ಣಾವ ಅದಾನ." ತಮ್ಮ ವಿನಯದಿಂದ ಕೈಕಟ್ಟಿದ. "ಹಿರ್ಯಾರು ಇದ್ದಾಗ ನಾ ಹ್ಯಾಂಗ ಮೊದ್ಲ ಮಾಡ್ಲಿರಿ?" ಮೊದಲು ಸಹಿ ಹಾಕಿದವನೇ ಸೋತವನೆಂದು ಬಜಾರಿಗೆ ಬಜಾರೇ ಆಡಿಕೊಳ್ಳುತ್ತದಂತೆ. ಟೈಮರ್ ತಿರುಗಿಸಿದೆ, ಕಿರ್ರೆಂದಿತು. ಮಾತು ನಿಲ್ಲಿಸಲೆಂದು ತಂದ ಯಂತ್ರ, ತುಟಿ ಹೊಲಿದುಕೊಂಡು ಕೂತವರ ಮುಂದೆ ಏನು ಮಾಡೀತು? ಮುಂದೂಡೋಣವೆಂದರೆ ಬೆಳಗಾಗುವಷ್ಟರಲ್ಲಿ ಮನಸ್ಸು ತಿರುಗಿ ಮತ್ತೆ ಗೋದಾಮಿನಿಂದ ಶುರುವಾಗುತ್ತದೆ. ಚಹಾ ಬಂತು, ಬಿಸ್ಕೀಟು ಬಂತು, ಮತ್ತೆ ಚಹಾ ಬಂತು. ಕೊನೆಗೆ ಸಂಜೆಯೂ ಬಂತು.

ಆಗ ಹೆಂಡತಿಯ ಫೋನು. ಗಾಬರಿಯಲ್ಲಿ ಸ್ಪೀಕರ್ ಒತ್ತಿಬಿಟ್ಟೆ. "ಬೀಗರು ಬಂದು ಕುಂತಾರ, ಎಲ್ಲಿ ಅದೀರಿ?" ಮಧ್ಯಸ್ಥಿಕೆಯ ಗುಟ್ಟು ಹೊರಗೆ ಬಿಡಬಾರದೆಂಬ ನಿಯಮವನ್ನು ಗಾಳಿಗೆ ತೂರಿ, ಯಾರು ಮೊದಲು ಸಹಿ ಮಾಡಬೇಕೆಂಬ ತಕರಾರನ್ನು ಗೋಳಾಡಿಕೊಂಡೆ. "ಎರಡು ಪ್ರತಿ ಇಲ್ಲೇನ್ರಿ? ಒಬ್ಬೊಬ್ಬರ ಕೈಯಾಗ ಒಂದೊಂದು ಕೊಡ್ರಿ. ಇಬ್ಬರೂ ಕೂಡೇ ಸಹಿ ಮಾಡಿ ಅದಲುಬದಲು ಮಾಡ್ಕೊಳ್ಳಲಿ" ಎಂದಳು.

"ಅಕ್ಕಾರು ಖರೇನ ಹೇಳ್ಯಾರ" ಎಂದ ಅಣ್ಣ. ಸಹಿ ಬಿತ್ತು. ಬಿದ್ದದ್ದೇ ತಡ, ಮಗಳ ಮಾತುಕತೆ ಇಟ್ಟುಕೊಂಡು ಇಲ್ಲಿ ಚಹಾ ಕುಡಿಯುತ್ತ ಕೂತದ್ದಕ್ಕೆ ಇಬ್ಬರೂ ಸೇರಿ ನನ್ನನ್ನೇ ಗದರಿಸಿ ಮೆಟ್ರೊ ಹತ್ತಿಸಿದರು.

ಮನೆ ಮುಟ್ಟಿದಾಗ ಬೀಗರು ಚಪ್ಪಲಿ ಮೆಟ್ಟುತ್ತಿದ್ದರು. ಎಲ್ಲ ಮುರಿದುಬಿತ್ತು ಎಂದುಕೊಂಡೆ. ಒಳಗಿಂದ ಮಗಳು ನಗುತ್ತ ಬಂದು ಬಾಯಿಗೆ ಪೇಡೆ ತುರುಕಿದಳು: ಸಂಬಂಧ ಗಟ್ಟಿಯಾಗಿತ್ತು. "ನೀವು ಇರಲಿಲ್ಲಲಾ, ಲಗೂನ ಮುಗೀತು" ಎಂದಳು ಹೆಂಡತಿ, ನನ್ನ ಚೀಲದಿಂದ ಟೈಮರ್ ತೆಗೆದುಕೊಳ್ಳುತ್ತ.

ಈಗ ನಮ್ಮ ಮನೆಯಲ್ಲಿ ಕೇಕ್ ಸೀಯುವುದಿಲ್ಲ. ತೊಡಕಿನ ಪ್ರಕರಣ ಬಂದರೆ ಟೈಮರ್ ಹೊರಗೆ ಬರುವುದಿಲ್ಲ. ನಾನೇ ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ನಿಲ್ಲುತ್ತೇನೆ.