ಕಂಪೈಲರ್ ಎಲ್ಲಿಟ್ಟಿದ್ದೀರಿ ಗೌಡ್ರೆ?

ಕಂಪ್ಯೂಟರ್ ತಾನಾಗಿ ಕೆಡೋದು ಒಂದು ಪಾಲಾದ್ರೆ, ಅದರ ಮೇಲೆ ಪ್ರೀತಿ ಇಟ್ಟವರು ಕೆಡಿಸೋದು ಮೂರು ಪಾಲು. ಇದು ಪುಸ್ತಕದ ಮಾತಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಮೂಡಿಗೆರೆ ಬಸ್‌ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಕಲಿಸ್ತಾ ತಲೆ ನೆರೆಸಿಕೊಂಡವನ ಮಾತು.

ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲೆ ನಾಲ್ಕು ಕಂಪ್ಯೂಟರ್, ನಾನೊಬ್ಬ ಮೇಷ್ಟ್ರು. ಕ್ಲಾಸಿನ ಮಾಲೀಕರು ಬಣಕಲ್ ಕಡೆಯ ಕಾಫಿ ಪ್ಲಾಂಟರ್. ಎಲ್ಲರೂ ಗೌಡ್ರು ಅಂತಿದ್ರು, ನಾನೂ ಹಾಗೇ ಅಂತೀನಿ. ಅಲ್ಲಿ ಕಲಿಸ್ತಿದ್ದದ್ದು ಸಿ ಭಾಷೆ. ನಾವು ಎಡಿಟರ್ ಅನ್ನೋ ಪ್ರೋಗ್ರಾಮಿನಲ್ಲಿ ಬರೆದದ್ದನ್ನು ಯಂತ್ರಕ್ಕೆ ತಿಳಿಯೋ ಹಾಗೆ ಮಾಡಿಕೊಡೋ ಸಾಫ್ಟ್‌ವೇರೇ ಕಂಪೈಲರ್. ಎಲ್ಲರೂ ಇಡೋ ಜಾಗದಲ್ಲಿ ಇಟ್ರೆ ತಕರಾರಿಲ್ಲ. ಬೇರೆ ಕಡೆ ಇಟ್ಟು ವಿಳಾಸ ಹೇಳದೆ ಇದ್ರೆ ಎಡಿಟರ್ ಕೈಯೆತ್ತಿಬಿಡುತ್ತೆ. ನಮ್ಮ ಗೌಡ್ರಿಗೋ, ಯಾವ ವಸ್ತುವನ್ನೂ ಇದ್ದಲ್ಲಿ ಇರೋಕೆ ಬಿಟ್ಟು ಅಭ್ಯಾಸವೇ ಇರಲಿಲ್ಲ.

ಅಟ್ಟ

ಒಂದು ಸೋಮವಾರ ಬೆಳಿಗ್ಗೆ ನಾಲ್ಕು ಕಂಪ್ಯೂಟರಲ್ಲೂ ಕಂಪೈಲರ್ ಮಾಯ. ಕಳ್ಳ ಬಂದಿದ್ರೆ ಯಂತ್ರಾನೇ ಹೊತ್ಕೊಂಡು ಹೋಗ್ತಿದ್ದ, ಒಳಗಿನ ಸಾಮಾನು ಮಾತ್ರ ಯಾಕೆ ಒಯ್ತಾನೆ? ತಲೆಕೆಟ್ಟು ಗೌಡ್ರಿಗೆ ಫೋನ್ ಮಾಡಿದೆ.

"ಗಾಬರಿ ಬೇಡ ಮಾರಾಯ. ಅಟ್ಟಕ್ಕೆ ಹಾಕಿದೀನಿ" ಅಂದ್ರು.

ನಾನು ತಲೆಯೆತ್ತಿ ತಾರಸಿ ನೋಡಿದೆ.

"ಮೇಲಲ್ಲ, ಒಳಗೆ! ಸಿ ಡ್ರೈವಿಗೆ ವೈರಸ್ ಬರುತ್ತೆ ಅಂತ ನೀವೇ ಅಂದ್ರಲ್ಲ. ಮಳೆಗಾಲ ಬೇರೆ. ಡಿ ಡ್ರೈವಲ್ಲಿ ಒಂದು ಅಟ್ಟ ಮಾಡಿ ಬೆಚ್ಚಗೆ ಇಟ್ಟೆ."

ಹೋಗಿ ನೋಡಿದ್ರೆ ನಿಜಕ್ಕೂ 'ಅಟ್ಟ' ಅನ್ನೋ ಫೋಲ್ಡರ್. ಅದರೊಳಗೆ ಕಾಳುಮೆಣಸು, ಬೀಜದ ಭತ್ತ ಇಟ್ಟ ಹಾಗೆ ನನ್ನ ಕಂಪೈಲರ್! ಎಡಿಟರ್ ಪಾಪ, ಹಳೇ ವಿಳಾಸಕ್ಕೇ ಹೋಗಿ ಬಾಗಿಲು ಬಡೀತಾ ಇತ್ತು. ಸಂಜೆ ಗೌಡ್ರು ಬಂದಾಗ ರೇಗಿಹೋಯ್ತು. "ಅಟ್ಟಕ್ಕೆ ಹಾಕಿದ್ದು ಸರಿ ಗೌಡ್ರೆ, ಏಣಿ ಯಾಕೆ ಇಡಲಿಲ್ಲ? ದಾರಿ ತೋರಿಸದಿದ್ರೆ ಅದು ಹತ್ತೋದು ಹೇಗೆ?"

ಗೌಡ್ರು ಮೇಜಿನ ಮೇಲಿದ್ದ ಮೌಸ್ ಕಡೆ ಅನುಮಾನದಿಂದ ನೋಡಿ ಹೇಳಿದ್ರು: "ಏಣಿ ಇಟ್ರೆ ಈ ಇಲೀನೂ ಹತ್ತಲ್ವಾ?"

ರೈಟರು

ಅದೇ ತಿಂಗಳು ಗೌಡ್ರ ತೋಟದ ರೈಟರು, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತರು, ಕ್ಲಾಸಿಗೆ ಸೇರಿದ್ರು. ವಯಸ್ಸು ನಲವತ್ತಾರು. ಜೊತೆಗೆ ಕಲಿಯೋರೆಲ್ಲ ಕಾಲೇಜು ಹುಡುಗೀರು. ಮೊದಲನೇ ದಿನ ಆಲ್ದೂರಿಂದ ಬರ್ತಿದ್ದ ಹುಡುಗಿ ಕಣ್ಣರಳಿಸಿ ಕೇಳಿದ್ಲು, "ಸಾರ್, ನೀವು ರೈಟರಂತೆ! ಏನು ಬರೆದಿದ್ದೀರಿ?"

"ಚೆಕ್‌ರೋಲು" ಅಂದ್ರು ರೈಟರು.

ಯಾರು ಕೆಲಸಕ್ಕೆ ಬಂದ್ರು, ಯಾರು ಬರಲಿಲ್ಲ ಅಂತ ಬರೆಯೋ ಹಾಜರಿ ಪುಸ್ತಕ ಅದು ಅಂತ ಆಕೆಗೆ ಏನು ಗೊತ್ತು? "ಕಾದಂಬರಿನಾ ಸಾರ್?"

"ಹ್ಞೂಂ. ಇಪ್ಪತ್ತು ವರ್ಷದಿಂದ ಬರೀತಿದೀನಿ. ಅರವತ್ತು ಪಾತ್ರ, ಸೋಮವಾರ ಅರ್ಧ ಜನ ನಾಪತ್ತೆ."

ಎಲ್ಲರೂ ನಕ್ರು. ಆದ್ರೆ ಆಮೇಲೆ ಅವರು ನನ್ನ ಹತ್ರ ಬಂದು ಹೇಳಿದ್ದು ನಗೋ ವಿಷಯ ಆಗಿರಲಿಲ್ಲ. ತೋಟದ ಆಫೀಸಿಗೂ ಕಂಪ್ಯೂಟರ್ ಬರ್ತಾ ಇತ್ತು. ಗೌಡ್ರು ಮಾತು ಹೇಳಿಬಿಟ್ಟಿದ್ರು: "ಕೊಯ್ಲು ಶುರುವಾಗೋದ್ರೊಳಗೆ ಮಳೆ ಲೆಕ್ಕ ಅದರಲ್ಲಿ ಮಾಡಿ ತೋರ್ಸಿದ್ರೆ ಆಫೀಸಿನ ಕುರ್ಚಿ ನಿಮ್ದೇ. ಇಲ್ಲಾಂದ್ರೆ ಚಿಕ್ಕಮಗಳೂರಿಂದ ಡಿಗ್ರಿ ಆದವರನ್ನ ಕರ್ಸ್ತೀನಿ, ನೀವು ಕಣ ನೋಡ್ಕೊಳ್ಳಿ. ಬೇಜಾರ್ ಮಾಡ್ಕೋಬೇಡಿ."

"ಬೇಜಾರಿಲ್ಲ ಮೇಷ್ಟ್ರೆ, ಆದ್ರೆ ಹೆದರಿಕೆ ಇದೆ" ಅಂದ್ರು. ಮುತ್ತು ಪೋಣಿಸಿದ ಹಾಗೆ ಬರೆಯೋ ಮನುಷ್ಯ, ಕೀಬೋರ್ಡಿನಲ್ಲಿ 'ಎ' ಹುಡುಕೋಕೆ ಕನ್ನಡಕ ಒರೆಸ್ಕೋತಿದ್ರು. ಹೇಗಾದ್ರೂ ಮಾಡಿ ಇವರನ್ನ ದಾಟಿಸಲೇಬೇಕು ಅನ್ನೋ ಹಟ ನನಗೂ ಬಂತು.

ಇಂಚು, ಸೆಂಟು

ತೋಟಗಳಲ್ಲಿ ಮಳೆ ಅಳೆಯೋದು ಇಂಚಿನಲ್ಲಿ. ಒಂದಿಂಚಿಗೆ ನೂರು ಸೆಂಟು. ಮಾರ್ಚಿ ಏಪ್ರಿಲಿನಲ್ಲಿ ಕಾಫಿ ಅರಳಿಸೋ ಹೂಮಳೆಯಿಂದ ಹಿಡಿದು ಒಂದೊಂದು ಸೆಂಟೂ ಪುಸ್ತಕದಲ್ಲಿ ಇರಬೇಕು. ಪಕ್ಕದ ತೋಟಕ್ಕಿಂತ ಹತ್ತು ಸೆಂಟು ಕಡಿಮೆ ಬಿದ್ರೂ ಯಜಮಾನರ ಮುಖ ಸಣ್ಣಗಾಗುತ್ತೆ.

ರೈಟರ ಪ್ರೋಗ್ರಾಮಿನಲ್ಲಿ ಮೊದಲ ಸಾಲು 'ಇಂಟ್' ಅಂತಿತ್ತು. ಎರಡನೇ ಸಾಲಿಗೆ ಕಂಪೈಲರ್ ಗೊಳೋ ಅಂತು. ನೋಡ್ತೀನಿ, 'ಸೆಂಟ್' ಅಂತ ಬರೆದಿದಾರೆ!

"ಇದೇನು ರೈಟ್ರೆ?"

"ಇಂಚಿಗೆ ಇಂಟ್ ಅಂತ ನೀವೇ ಹೇಳಿಕೊಟ್ರಲ್ಲ. ಹಾಗಾದ್ರೆ ಸೆಂಟಿಗೆ ಸೆಂಟ್ ತಾನೆ?"

ಇಂಟ್ ಅಂದ್ರೆ ಇಂಚಲ್ಲ, ಬರೀ ಪೂರ್ಣಸಂಖ್ಯೆ, ಸೆಂಟು ಬೇಕಾದ್ರೆ ಎರಡಕ್ಕೂ ಸೇರಿ ದಶಮಾಂಶದ 'ಫ್ಲೋಟ್' ಅಂತ ಹಾಕಿ ಅಂದೆ. ರೈಟರ ಮುಖ ಕೆಂಪಾಯ್ತು. ಕಾಫಿ ಹಣ್ಣನ್ನ ನೀರಿಗೆ ಹಾಕಿದಾಗ ಮೇಲೆ ತೇಲೋ ಜಳ್ಳಿಗೆ ತೋಟದಲ್ಲಿ ಫ್ಲೋಟ್ಸ್ ಅಂತಾರೆ.

"ಮೇಷ್ಟ್ರೆ, ಬೇರೆ ಏನು ಬೇಕಾದ್ರೂ ಅನ್ನಿ. ನಮ್ಮ ತೋಟದ ಮಳೆ ಜಳ್ಳು ಅಂತ ಮಾತ್ರ ನನ್ನ ಕೈಲಿ ಬರೆಸಬೇಡಿ!"

ಕೇರಾಫ್

ಗೌಡ್ರ ಕೈಗುಣ ಗೊತ್ತಿದ್ದರಿಂದ, ಕಂಪೈಲರ್ ಕಳೆದುಹೋದ್ರೆ ಹುಡುಕೋದನ್ನೂ ರೈಟರಿಗೆ ಕಲಿಸೋಣ ಅಂತ ಹೊರಟೆ. ಎಡಿಟರಿನಲ್ಲಿ ವಿಳಾಸ ಬರೆಯೋ ಪೆಟ್ಟಿಗೆ ಖಾಲಿ ಮಾಡಿ, "ಕಂಪೈಲರ್ ಎಲ್ಲಿದೆ ಅಂತ ಇದರಲ್ಲಿ ಬರೀರಿ" ಅಂದೆ. ಕಾಲು ಗಂಟೆ ಕುಟ್ಟಿದ್ರು. ಬಂದು ನೋಡಿದ್ರೆ ಗೌಡ್ರ ಹೆಸರು, ಬಣಕಲ್ ಅಂಚೆ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ.

"ಇದು ಕಾಗದ ಬರೋ ವಿಳಾಸ ಅಲ್ವಾ ರೈಟ್ರೆ!"

"ಮತ್ತೆ ಎಲ್ಲ ಕಡೆ ಮೊದಲಿಗೆ ಸಿ ಅಂತ ಇರುತ್ತಲ್ಲ, ಪಕ್ಕದಲ್ಲಿ ಓರೆಗೆರೆ. ಕೇರಾಫ್ ತಾನೆ? ನಮ್ಮ ಕೂಲಿ ಲೈನಿನವರಿಗೆಲ್ಲ ಕಾಗದ ಬರೋದೇ ಕೇರಾಫ್ ಗೌಡ್ರು ಅಂತ."

ನಗು ತಡ್ಕೊಂಡು ಹೇಳಿದೆ, "ಅದು ಡ್ರೈವಿನ ಹೆಸರು. ಈಗ ನಮ್ಮ ಕಂಪೈಲರ್ ಇರೋದು ಸಿಯಲ್ಲಿ ಅಲ್ಲ, ಡಿಯಲ್ಲಿ."

ರೈಟರು ಅಕ್ಕಪಕ್ಕ ನೋಡಿ, ದನಿ ತಗ್ಗಿಸಿ ಕೇಳಿದ್ರು, "ಡಾಟರ್ ಆಫ್ ಅಂತೀರಾ? ಗೌಡ್ರಿಗೆ ಇರೋದು ಎರಡೂ ಗಂಡುಮಕ್ಕಳಲ್ವಾ ಮೇಷ್ಟ್ರೆ?"

ಹೊಸ ವಸ್ತು

ಅಂತೂ ಪ್ರೋಗ್ರಾಮ್ ಮುಗೀತು. ಕಂಪೈಲರ್ ಎಲ್ಲೇ ಇದ್ರೂ ಹುಡುಕೋದು ಬಂತು. ಗಿಡದಲ್ಲಿ ಹಣ್ಣು ಕೆಂಪಾಗೋ ಹೊತ್ತಿಗೆ ಪರೀಕ್ಷೆಯ ದಿನವೂ ಬಂತು.

ತೋಟದ ಆಫೀಸು ಅಂದ್ರೆ ಗೌಡ್ರ ಮನೆಯ ಜಗಲಿಗೆ ಹೊಂದಿಕೊಂಡ ಕೋಣೆ. ಹೊಸ ಕಂಪ್ಯೂಟರಿಗೆ ಕುಂಕುಮ, ಮೇಲೊಂದು ಸೇವಂತಿಗೆ. ಜಂಬ ತೋರಿಸೋಕೆ ಗೌಡ್ರು ಪಕ್ಕದ ತೋಟದ ಯಜಮಾನರನ್ನೂ ಕರೆಸಿದ್ರು. ಅವರು ಕೂರ್ತಾನೇ, "ಡಿಗ್ರಿಯವನು ಇದ್ದಾನೆ, ನಾಳೆನೇ ಕಳಿಸ್ಲಾ?" ಅಂತ ಶುರು ಮಾಡಿದ್ರು. ರೈಟರು ಇಸ್ತ್ರಿ ಶರ್ಟು ಹಾಕ್ಕೊಂಡು ಬಂದಿದ್ರು.

ಎಡಿಟರ್ ತೆರೀತು. ಓಡಿಸೋ ಗುಂಡಿ ಒತ್ತಿದ್ರು. ಬೇಕಾದ ಫೈಲ್ ಸಿಗ್ತಾ ಇಲ್ಲ ಅಂತ ಬಂತು.

ನಿನ್ನೆ ನಾನೇ ಹಾಕಿ, ನೋಡಿ ಹೋಗಿದ್ದೆ! ಗೌಡ್ರ ಕಡೆ ತಿರುಗಿದೆ. ಅವರು ಕಿಟಕಿ ಆಚೆ ನೋಡ್ತಾ ಇದ್ರು.

"ಗೌಡ್ರೆ, ಕಂಪೈಲರ್ ಎಲ್ಲಿಟ್ಟಿದ್ದೀರಿ?"

"ಅದು... ಹೊಸ ವಸ್ತು ನೋಡಿ. ಜೀಪು, ಪಂಪ್‌ಸೆಟ್ಟು, ಎಲ್ಲಾ ನಮ್ಮನೆಯವಳ ಹೆಸರಲ್ಲೇ ಇರೋದು. ಏಳಿಗೆ ಆಗುತ್ತೆ. ಅದಕ್ಕೆ ಇದರ ಫೋಲ್ಡರನ್ನೂ ನಿನ್ನೆ ಅವಳ ಹೆಸರಿಗೆ ಮಾಡ್ದೆ."

"ಸರಿ, ಹೆಸರು ಹೇಳಿ."

ಗೌಡ್ರು ಕಂಪ್ಯೂಟರ್ ಮೇಲಿನ ಸೇವಂತಿಗೆ ಸರಿಮಾಡೋಕೆ ಶುರು ಮಾಡಿದ್ರು. ನಮ್ಮ ಕಡೆ ಆ ವಯಸ್ಸಿನವರು ನಾಲ್ಕು ಜನರ ಮುಂದೆ ಹೆಂಡತಿ ಹೆಸರು ಹೇಳ್ತಾರೆಯೇ? "ಚೀಟೀಲಿ ಬರೆದು ಕೊಡಿ" ಅಂದೆ. ಅದಕ್ಕೂ ಒಲ್ಲೆ ಅಂತ ತಲೆಯಾಡಿಸಿದ್ರು. ಪಕ್ಕದ ತೋಟದವರು, "ಡಿಗ್ರಿಯವನಾಗಿದ್ರೆ ಇಷ್ಟು ಹೊತ್ತಿಗೆ ಮುಗಿಸ್ತಿದ್ದ" ಅಂತ ಗಡಿಯಾರ ನೋಡ್ಕೊಂಡ್ರು. ಇಪ್ಪತ್ತು ವರ್ಷದ ಕುರ್ಚಿ ಕಣ್ಣೆದುರೇ ಜಾರ್ತಾ ಇತ್ತು. ನನಗಂತೂ ಅಳು ಬರೋದೊಂದು ಬಾಕಿ. ತಡೆಯಲಾರದೆ ಎದ್ದೆ.

"ಕೂತ್ಕೊಳ್ಳಿ ಮೇಷ್ಟ್ರೆ" ಅಂದ್ರು ರೈಟರು. ಮೊದಲ ಸಲ ಅವರ ದನಿ ಗಟ್ಟಿಯಾಗಿತ್ತು. ಒಂದೊಂದೇ ಬೆರಳಲ್ಲಿ ಹುಡುಕೋ ಆಜ್ಞೆ ಕುಟ್ಟಿದ್ರು. ಪರದೆ ಮೇಲೆ ಸಾಲುಗಳು ಸರಸರ ಓಡಿ ನಿಂತವು. ರೈಟರು ಬಗ್ಗಿ, ಬೆಳಿಗ್ಗೆ ಹಾಜರಿ ಕೂಗೋ ದನಿಯಲ್ಲೇ ಗಟ್ಟಿಯಾಗಿ ಓದಿದ್ರು:

"ಚಿನ್ನೂ!"

"ಓ... ಬಂದೇರೀ!" ಅಂತ ಒಳಗಿಂದ ಉತ್ತರ ಬಂತು. ಹಿಂದೆಯೇ ಐವತ್ತು ದಾಟಿದ ಗೌಡಮ್ಮನೋರು, ಆಳುಕಾಳೆಲ್ಲ ಹೆದರೋ ಗೌಡಮ್ಮನೋರು, ಕಾಫಿ ತಟ್ಟೆ ಹಿಡ್ಕೊಂಡು ಬಾಗಿಲಿಗೆ ಬಂದ್ರು. ಕರೆದವರು ಯಾರು ಅಂತ ನೋಡಿದ್ರು. ತಟ್ಟೆ ಅಲ್ಲೇ ಇಟ್ಟು, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದ್ರು. ಗೌಡ್ರ ಕಿವಿ ಕೊಯ್ಲಿಗೆ ಬಂದ ಹಣ್ಣಿನಷ್ಟು ಕೆಂಪಾಗಿತ್ತು.

ರೈಟರು ಮಾತ್ರ ಪರದೆ ಬಿಟ್ಟು ಕಣ್ಣು ಕೀಳಲಿಲ್ಲ. ವಿಳಾಸದ ಪೆಟ್ಟಿಗೆಯಲ್ಲಿ ಆ ಹೆಸರು ಬರೆದ್ರು, ಗುಂಡಿ ಒತ್ತಿದ್ರು. ನೂರ ಹನ್ನೆರಡು ಇಂಚು, ನಲವತ್ತು ಸೆಂಟು. ಮಳೆ ಪುಸ್ತಕ ತೆರೆದು ತೋರಿಸಿದ್ರು. ಒಂದು ಸೆಂಟೂ ಆಚೀಚೆ ಇಲ್ಲ. ನನಗೆ ಎದ್ದು ಕುಣಿಯೋ ಹಾಗಾಯ್ತು.

ಪಕ್ಕದ ತೋಟದವರು ಕಣ್ಣೊರೆಸಿಕೊಳ್ತಾ, ನಗ್ತಾ ಕೇಳಿದ್ರು, "ಮತ್ತೆ ಆ ಡಿಗ್ರಿಯವನನ್ನ ಏನು ಮಾಡ್ಲಿ ಗೌಡ್ರೆ?"

ಗೌಡ್ರು ಕುರ್ಚಿಯ ಬೆನ್ನು ಹಿಡಿದು, ರೈಟರನ್ನ ಅದರಲ್ಲಿ ಒತ್ತಿ ಕೂರಿಸಿದ್ರು.

"ಯಾರೂ ಬೇಡ ಮಾರಾಯ! ಇವರಿಗೆ ಹೇಗೂ ಗೊತ್ತಾಗಿಹೋಯ್ತು. ಊರಿಗೆಲ್ಲ ಯಾಕೆ ಗೊತ್ತಾಗಬೇಕು?"