ಪುಟ್ಟಸ್ವಾಮಿ ನೋಡದ ಹಕ್ಕಿ

ನಿವೃತ್ತನಾದ ಮನುಷ್ಯನಿಗೆ ಮೊದಲ ಮೂರು ತಿಂಗಳು ಮನೆಯವರು ಕೇಳಿದಾಗಲೆಲ್ಲ ಕಾಫಿ ಕೊಡುತ್ತಾರೆ. ನಾಲ್ಕನೆಯ ತಿಂಗಳಿಂದ ಅವನು ಮನೆಯಲ್ಲಿ ಎಲ್ಲಿ ನಿಂತರೂ ಯಾರಿಗಾದರೂ ಅಡ್ಡವಾಗತೊಡಗುತ್ತಾನೆ. ಕಸ ಗುಡಿಸುವಾಗ ಕಾಲೆತ್ತಬೇಕು, ಒಗ್ಗರಣೆ ಹಾಕುವಾಗ ಅಡುಗೆಮನೆಯ ಬಾಗಿಲು ಬಿಡಬೇಕು. ಹಾಗಾಗಿ ಹೊರಗೆ ಹೋಗಲು ಒಂದು ಮರ್ಯಾದಸ್ಥ ಕಾರಣ ಹುಡುಕಿಕೊಳ್ಳಬೇಕಾಗುತ್ತದೆ. ಮಂಡ್ಯದಲ್ಲಿ ನನ್ನ ಜೊತೆ ನಿವೃತ್ತರಾದ ಮೇಷ್ಟರುಗಳಲ್ಲಿ ಒಬ್ಬರು ಯೋಗ ಹಿಡಿದರು, ಇನ್ನೊಬ್ಬರು ಭಜನೆ ಹಿಡಿದರು. ನನಗೆ ಕಣ್ಣು ಮುಚ್ಚಿದರೆ ಗೊರಕೆ ಬರುತ್ತದೆ, ಬಾಯಿ ತೆರೆದರೆ ಪಕ್ಕದವರ ತಾಳ ತಪ್ಪುತ್ತದೆ. ಆದ್ದರಿಂದ ದುರ್ಬೀನು ಹಿಡಿದೆ. ಹಕ್ಕಿ ನೋಡುವುದರಿಂದ ಯಾರಿಗೂ ಕೇಡಿಲ್ಲವೆಂದು ನಂಬಿದ್ದೆ. ಅದರಿಂದಲೂ ಮನುಷ್ಯ ಎಷ್ಟು ಸಣ್ಣವನಾಗಬಹುದೆಂದು ಆಮೇಲೆ ನಾನೇ ಮಾಡಿ ತೋರಿಸಿದೆ.

ಶುರುವಾದದ್ದು ಕೊತ್ತತ್ತಿಯ ನಾಲೆ ಏರಿಯ ಮೇಲೆ. ಜೊತೆಗೆ ಪುಟ್ಟಸ್ವಾಮಿಯಿದ್ದ. ಅವನು ಹೊಳಲಿನ ರೈತ. ಚಿಕ್ಕಂದಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಮದ್ದೂರಿನ ಹೈಸ್ಕೂಲಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಜನರೆದುರು ನನ್ನನ್ನು ‘ಮೇಷ್ಟ್ರು’ ಎಂದೂ ಇಬ್ಬರೇ ಇದ್ದಾಗ ‘ಲೇ’ ಎಂದೂ ಕರೆಯುವವನು. ಗದ್ದೆಯಾಚೆ ಒಂದು ಮಿಂಚುಳ್ಳಿ ಕೂತಿತ್ತು. ಅದರತ್ತ ದುರ್ಬೀನು ತಿರುಗಿಸಿದೆ. ಮಧ್ಯೆ ನಾಟಿ ಹಾಕುತ್ತಿದ್ದ ಹೆಂಗಸರ ಸಾಲು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ.

“ಏನಪ್ಪ ಅದು ಕಣ್ಗಿಕ್ಕಂಡಿರದು? ನಾಟಿ ಆಕೋ ಎಂಗಸ್ರ ನೋಡಕ್ಕೆ ಪ್ಯಾಟೆಯಿಂದ ಬಂದ್ಯಾ?” ಎಂದು ಒಬ್ಬಾಕೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಪುಟ್ಟಸ್ವಾಮಿಯೇ ಮುಂದೆ ಬಂದು, “ಸುಮ್ಕಿರಮ್ಮೊ, ನಮ್ ಮೇಷ್ಟ್ರು ಕಣಮ್ಮ. ಅಕ್ಕಿ ನೋಡ್ತಾವ್ರೆ” ಎಂದ. “ಇನ್ನೂ ನಾಟಿನೇ ಮುಗ್ದಿಲ್ಲ, ಅಕ್ಕಿ ಎಲ್ಲಿಂದ ಬಂತು?” ಎಂದಳು ಆಕೆ. ಸಾಲಿಗೆ ಸಾಲೇ ನಕ್ಕಿತು. ಮಿಂಚುಳ್ಳಿ ಹಾರಿಹೋಯಿತು. ಪುಟ್ಟಸ್ವಾಮಿ ಊರು ಮುಟ್ಟುವವರೆಗೂ ನಗುತ್ತಿದ್ದ.

ಅದಾದ ಆರು ತಿಂಗಳಿಗೆ ಅವನ ಹೆಂಡತಿ ಜಯಮ್ಮ ತೀರಿಕೊಂಡಳು. ಪುಟ್ಟಸ್ವಾಮಿ ಮಾತು ಬಿಟ್ಟ. ಗದ್ದೆಗೆ ಹೋಗಿಬರುವನು, ಜಗಲಿಯಲ್ಲಿ ಕೂರುವನು, ಅಷ್ಟೆ. ನನ್ನ ಹೆಂಡತಿ ವಿಶಾಲ, “ನೀವು ಎಲ್ಲೆಲ್ಲೋ ಹಕ್ಕಿ ನೋಡೋಕೆ ಹೋಗ್ತೀರಲ್ಲ, ಅವರನ್ನೂ ಕರ್ಕೊಂಡು ಹೋಗಬಾರದಾ?” ಎಂದಳು. ಅಷ್ಟರಲ್ಲಿ ನಾನು ರಾಜಸ್ಥಾನದ ಮರುಭೂಮಿಗೆ ಹೊರಟಿದ್ದ ಒಂದು ಹಕ್ಕಿವೀಕ್ಷಕರ ಗುಂಪಿಗೆ ಹೆಸರು ಕೊಟ್ಟಾಗಿತ್ತು. ಅಲ್ಲಿ ಒಂದು ಕೋಣೆಗೆ ಇಬ್ಬರಂತೆ. ಗೆಳೆಯನ ದುಃಖ ಮರೆಸಲು ಕರೆದೊಯ್ಯುತ್ತಿದ್ದೇನೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡೆ. ನಿಜವೇನೆಂದರೆ, ನನ್ನ ಗೊರಕೆ ತಡೆದುಕೊಳ್ಳಬಲ್ಲ ಬೇರೆ ಗಂಡಸು ನನಗೆ ಗೊತ್ತಿರಲಿಲ್ಲ.

ಗುಂಪಿನಲ್ಲಿ ಎಂಟು ಜನ. ಮುಖಂಡ ದಿನಕರ್ ಎಂಬ ಮೈಸೂರಿನವನು, ಉಪ್ಪಿಟ್ಟು ಬೇಕೆಂಬುದನ್ನೂ ಹಕ್ಕಿ ಹೆದರೀತೆಂಬಂತೆ ಪಿಸುಗುಟ್ಟಿ ಕೇಳುವವನು. ಮೂವತ್ತು ವರ್ಷ ಮಕ್ಕಳಿಗೆ ಥಾರ್ ಮರುಭೂಮಿಯ ಪಾಠ ಮಾಡಿದವನು ನಾನು. ಅದು ಹಳದಿ ಮರಳಿನ ಅಲೆಗಳೆಂದು ಬೋರ್ಡಿನ ಮೇಲೆ ಬರೆದೂ ತೋರಿಸಿದ್ದೆ. ಹೋಗಿ ನೋಡಿದರೆ ಕುರುಚಲು ಹುಲ್ಲು, ಕಲ್ಲು, ಮುಳ್ಳು, ಮೂಳೆ ಕೊರೆಯುವ ಚಳಿ. ನನ್ನಿಂದ ತಪ್ಪು ಕಲಿತ ಅಷ್ಟೂ ಮಕ್ಕಳು ಕಣ್ಣ ಮುಂದೆ ಬಂದರು. ಎರಡನೆಯ ಬೆಳಿಗ್ಗೆ ದಿನಕರ್ ಕೈಯೆತ್ತಿ, “ಎರಡು ಗಂಟೆ ದಿಕ್ಕಿಗೆ” ಎಂದು ಪಿಸುಗುಟ್ಟಿದ. ಪುಟ್ಟಸ್ವಾಮಿ ಕೈಗಡಿಯಾರ ನೋಡಿಕೊಂಡು, “ಎಲ್ಡು ಗಂಟ್ಗೆ ಬತ್ತದಂತೆ ಕಣ್ಲಾ. ಈಗಿನ್ನೂ ಎಂಟೂವರೆ. ವಸಿ ಟೀ ಕುಡ್ಕಂಡು ಬರವಾ” ಎಂದ. ಗಡಿಯಾರದ ಮುಳ್ಳಿನಂತೆ ದಿಕ್ಕು ಹೇಳುವುದೆಂದು ವಿವರಿಸಿದೆ. ಅವನು ಬರಿಗಣ್ಣಿನಲ್ಲೇ ಆ ಕಡೆ ನೋಡಿ, “ಅಗೋ” ಎಂದ. ನನಗೆ ದುರ್ಬೀನಿನಲ್ಲೂ ಕಾಣಲು ಹತ್ತು ನಿಮಿಷ ಹಿಡಿಯಿತು. ಎರ್ಲಡ್ಡು. ಸೊಂಟದವರೆಗೆ ಬರುವಷ್ಟು ಎತ್ತರದ, ಈಗ ಬೆರಳೆಣಿಕೆಯಷ್ಟೇ ಉಳಿದಿರುವ ಹಕ್ಕಿ. ಎಲ್ಲರೂ ಸಂಭ್ರಮದಿಂದ ಕ್ಯಾಮೆರಾ ಒತ್ತುತ್ತಿದ್ದರು. ಪುಟ್ಟಸ್ವಾಮಿ ಬಹಳ ಹೊತ್ತು ನೋಡಿ, “ಒಂಟಿ ಅದೆ ಕಣ್ಲಾ” ಎಂದ.

ಆದರೂ ಊರಿಗೆ ಬಂದ ಮೇಲೆ ಅವನು ಸ್ವಲ್ಪ ಗೆಲುವಾದ. ನನ್ನ ಹಕ್ಕಿಗಳ ಪುಸ್ತಕ ಒಯ್ದು ಹಾಳೆ ತಿರುವುತ್ತಿದ್ದ. ಒಂದು ದಿನ ಹಿಮಾಲಯದ ಮೋನಾಲ್ ಎಂಬ ಹಕ್ಕಿಯ ಚಿತ್ರದ ಮೇಲೆ ಬೆರಳಿಟ್ಟು ಕೇಳಿದ: “ಇದು ದಿಟ್ವಾಗ್ಲೂ ಇಂಗೇ ಅದಾ? ಬಣ್ಣ ಬಳ್ದವ್ರಾ?” ಕೋಳಿಯ ಗಾತ್ರ, ಮೈತುಂಬ ಹಸಿರು, ನೇರಳೆ, ತಾಮ್ರದ ಹೊಳಪು. ಹೀಗೇ ಇದೆಯೆಂದು ನೋಡದಿದ್ದರೂ ಹೇಳಿದೆ. “ಅಂಗಾರೆ ನೋಡ್ಬೇಕಲ್ಲಾ ಇದ” ಎಂದ. ಜಯಮ್ಮ ಹೋದ ಮೇಲೆ ಅವನು ಏನನ್ನಾದರೂ ಬೇಕೆಂದದ್ದು ಅದೇ ಮೊದಲು.

ಏಪ್ರಿಲ್ಲಿನಲ್ಲಿ ಅದೇ ಗುಂಪಿನೊಂದಿಗೆ ಉತ್ತರಾಖಂಡಕ್ಕೆ ಹೋದೆವು. ಮೋನಾಲ್ ಇರುವುದು ಹಿಮದ ಅಂಚಿನಲ್ಲಿ. ಬೆಳಗಾಗುತ್ತಲೇ ಚಹಾದಂಗಡಿಯಿಂದ ಕಲ್ಲುಹಾಸಿನ ದಾರಿ ಹಿಡಿದು ಹತ್ತತೊಡಗಿದೆವು. ಒಂದು ಗಂಟೆಯಾಗುವಷ್ಟರಲ್ಲಿ ಪುಟ್ಟಸ್ವಾಮಿ ಎದೆ ಹಿಡಿದುಕೊಂಡು ನಿಂತ. ಗಾಳಿಯೇ ಸಿಗುತ್ತಿಲ್ಲವೆಂಬಂತೆ ಬಾಯಿ ತೆರೆದಿದ್ದ. ದಿನಕರ್ ನಾಡಿ ನೋಡಿ, ಕೂಡಲೇ ಕೆಳಗಿಳಿಯಬೇಕೆಂದ; ತಾನೇ ಜೊತೆಗೆ ಬರುತ್ತೇನೆಂದೂ ಹೇಳಿದ. ಎಲ್ಲರ ಮುಖ ಬಾಡಿತು. ಮುಖಂಡನೇ ಇಳಿದರೆ ಹಕ್ಕಿ ತೋರಿಸುವವರ‍್ಯಾರು? ನಾನು ದೊಡ್ಡ ಮನುಷ್ಯನಂತೆ, “ನೀವು ಹೋಗಿ, ಇವನನ್ನು ನಾನು ಇಳಿಸ್ತೀನಿ” ಎಂದೆ. ಎಲ್ಲರೂ ಕೃತಜ್ಞತೆಯಿಂದ ನನ್ನ ಬೆನ್ನು ತಟ್ಟಿ ಮುಂದೆ ಹೋದರು.

ಪುಟ್ಟಸ್ವಾಮಿಯ ತೋಳು ಹಿಡಿದು ಮೂರು ತಿರುವು ಇಳಿಸಿದೆ. ಅವನು ಒಂದು ಕಲ್ಲಿನ ಮೇಲೆ ಕೂತು, ಉಸಿರು ಸ್ವಲ್ಪ ಸರಿಹೋದ ಮೇಲೆ, “ಓಗ್ಲಾ ನೀನು. ನಾ ವಸಿ ಕುಂತಿದ್ದು ಇಳ್ಕಂಡ್ ಓಯ್ತೀನಿ” ಎಂದ. ಅನ್ನ ಬಡಿಸುವಾಗ ಅತಿಥಿಗಳು ಸಾಕು ಎನ್ನುವುದಿಲ್ಲವೇ, ಅಂಥ ಮಾತು ಅದು. ಇನ್ನೊಮ್ಮೆ ಬಲವಂತ ಮಾಡುವುದು ಕೇಳಿಸಿಕೊಂಡವರ ಧರ್ಮ. ನಾನು ಮಾಡಲಿಲ್ಲ. “ನಿಜವಾಗ್ಲೂ ಹೋಗ್ತೀಯಾ?” ಎಂದು ಕೇಳುವಾಗಲೇ ನನ್ನ ಕಾಲು ಮೇಲಕ್ಕೆ ತಿರುಗಿತ್ತು. ಹಿಂತಿರುಗಿ ನೋಡಲಿಲ್ಲ; ನೋಡಿದ್ದರೆ ಹೋಗಲಾಗುತ್ತಿರಲಿಲ್ಲವೆಂದು ಗೊತ್ತಿತ್ತು. ಗುಂಪನ್ನು ಸೇರಿದಾಗ ದಿನಕರ್ ಗಾಬರಿಯಿಂದ ನೋಡಿದ. ಅಂಗಡಿ ಮುಟ್ಟಿಸಿ ಬಂದೆನೆಂದು ಹೇಳಿದೆ. ಅಷ್ಟು ಬೇಗ ಹೇಗೆಂದು ಕೇಳುವಷ್ಟರಲ್ಲಿ ಹಕ್ಕಿ ಬಂತು. ಬಂಡೆಯ ಮೇಲೆ, ಬಿಸಿಲಿಗೆ ಮೈಯೊಡ್ಡಿ, ಇಪ್ಪತ್ತು ನಿಮಿಷ ನಿಂತಿತ್ತು.

ಇಳಿದು ಬಂದಾಗ ಕಲ್ಲಿನ ಮೇಲೆ ಪುಟ್ಟಸ್ವಾಮಿಯಿರಲಿಲ್ಲ. ಕೆಳಗಿನ ಕಣಿವೆಯತ್ತ ಬಗ್ಗಿ ನೋಡಿದೆ. ಆ ಕ್ಷಣದ ಬಗ್ಗೆ ಹೆಚ್ಚು ಬರೆಯಲಾರೆ. ಕೂಗುತ್ತ, ಜಾರುತ್ತ ಅಂಗಡಿ ತಲುಪಿದೆ. ಅವನು ಮೂರು ರಜಾಯಿ ಹೊದ್ದು ಬೆಂಚಿನ ಮೇಲೆ ಮಲಗಿದ್ದ. ತುಟಿ ನೇರಳೆಹಣ್ಣು ತಿಂದಂತಿತ್ತು. ಕಲ್ಲಿನಿಂದ ಜಾರಿ ಬಿದ್ದಿದ್ದವನನ್ನು ಹೇಸರಗತ್ತೆ ಹೊಡೆಯುವವನೊಬ್ಬ ಕಂಡು, ಅದರ ಮೇಲೆ ಹಾಕಿಕೊಂಡು ತಂದಿದ್ದನಂತೆ. ಹಿಂದೆಯೇ ಬಂದ ದಿನಕರ್ ಎಲ್ಲವನ್ನೂ ಕೇಳಿಸಿಕೊಂಡು ನನ್ನ ಮುಖ ನೋಡಿದ. ಜೀಪು ಹಿಡಿದು ಕೆಳಗಿನ ಊರಿನ ಆಸ್ಪತ್ರೆಗೆ ಸೇರಿಸಿದೆವು. ಮೂಗಿಗೆ ಕೊಳವೆ ಹಾಕಿದ್ದ ಪುಟ್ಟಸ್ವಾಮಿ ಸಂಜೆ ಕಣ್ಣು ಬಿಟ್ಟು, “ಕಂಡ್ತೇನ್ಲಾ?” ಎಂದ.

“ಇಲ್ಲ ಕಣೋ, ಅದು ಬರಲೇ ಇಲ್ಲ” ಎಂದೆ. “ಓಗ್ಲಿ ಬುಡು. ಬ್ಯಾಸ್ರ ಮಾಡ್ಕಬೇಡ” ಎಂದು ನನ್ನ ಕೈ ಅದುಮಿದ. ಎರಡು ದಿನ ಅವನ ಮಂಚದ ಪಕ್ಕ ಕೂತು ಕಿತ್ತಳೆ ಸುಲಿದುಕೊಟ್ಟೆ. ಗುಂಪಿನವರು ಫೋನಿನಲ್ಲಿ ನನ್ನ ಸೇವೆಯನ್ನು ಹೊಗಳಿದರು. ದಿನಕರ್ ಒಬ್ಬ ಹೊಗಳಲಿಲ್ಲ.

ಊರಿಗೆ ಬಂದು ವಾರವಾಗಿರಲಿಲ್ಲ, ಗುಂಪಿನ ವಾಟ್ಸಾಪಿನಲ್ಲಿ ಯಾರೋ ಚಿತ್ರಗಳನ್ನು ಹಾಕಿದರು. ಬಂಡೆಯ ಮೇಲೆ ಮೋನಾಲ್. ಈಚೆ ದುರ್ಬೀನು ಹಿಡಿದು ಬಾಯಿ ಅಗಲಿಸಿಕೊಂಡಿರುವ ನಾನು. ಪುಟ್ಟಸ್ವಾಮಿಯೂ ಆ ಗುಂಪಿನಲ್ಲಿದ್ದ, ಸೇರಿಸಿದವನೂ ನಾನೇ. ಹತ್ತು ದಿನ ಹೊಳಲಿನ ಕಡೆ ತಲೆ ಹಾಕಲಿಲ್ಲ. ಕೊನೆಗೆ ವಿಶಾಲ ನಿಂಬೆಹಣ್ಣಿನ ಉಪ್ಪಿನಕಾಯಿ ಕೈಗೆ ಕೊಟ್ಟು ತಳ್ಳಿದಳು.

ಪುಟ್ಟಸ್ವಾಮಿ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ. “ಬಾ. ಫೋಟದಲ್ಲಿ ಸಂದಾಗಿ ಬಂದಿದ್ದೀಯ” ಎಂದ.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಉದುರಿಹೋದವು. ತಪ್ಪಾಯಿತೆಂದೆ.

“ಬುಟ್ಟು ಓದೆ, ಓಗ್ಲಿ. ನಾನೇ ಓಗು ಅಂದಿದ್ನಲ್ಲ. ಆ ಏಸರಗತ್ತೆ ವಸಿ ವೊತ್ತು ನನ್ ಪಕ್ದಲ್ಲೇ ನಿಂತಿತ್ತು ಕಣ್ಲಾ, ಒಳ್ಳೇ ಪ್ರಾಣಿ.” ಸಿಪ್ಪೆ ಒಗೆದು ನನ್ನ ಕಡೆ ತಿರುಗಿದ. “ಕಾಣ್ನಿಲ್ಲ ಅಂತ ಯಾಕ್ಲಾ ಸುಳ್ ಯೋಳ್ದೆ? ಕಂಡ್ತು ಅಂದಿದ್ರೆ ಎಂಗಿತ್ತು ಅಂತ ಕೇಳ್ತಿದ್ದೆ. ಆಸ್ಪತ್ರೇಲಿ ಎಲ್ಡು ದಿನ ಸೂರು ನೋಡ್ಕಂಡು ಮನಗಿದ್ನಲ್ಲ.”

ನಾನು ಉಪ್ಪಿನಕಾಯಿಯನ್ನು ಜಗಲಿಯ ಮೇಲಿಟ್ಟೆ.

“ಈಗಾರ ಯೋಳು. ಎಂಗಿತ್ತು?”

ಶುರುಮಾಡಿದೆ. ಕುತ್ತಿಗೆ ತಾಮ್ರದ ಬಣ್ಣ, ಬೆನ್ನು ನೇರಳೆ, ತಲೆಯ ಮೇಲೆ ಹಸಿರು ಜುಟ್ಟು ಎಂದೆ. “ಅದು ಪುಸ್ತಕದಲ್ಲೇ ಅದಲ್ಲ” ಎಂದ. ಅದು ಹೇಗೆ ನಡೆಯಿತು, ಕೂಗಿತೇ, ನೆಲ ಕೆದಕಿತೇ, ನಮ್ಮ ಕಡೆ ನೋಡಿತೇ ಎಂದೆಲ್ಲ ಕೇಳಿದ. ನನಗೆ ಒಂದೂ ನೆನಪಾಗಲಿಲ್ಲ. ಆ ಇಪ್ಪತ್ತು ನಿಮಿಷವೂ ನಾನು ದುರ್ಬೀನಿಗೆ ಕಣ್ಣಿಟ್ಟುಕೊಂಡು ದಿನಕರ್ ಏನು ಕೇಳಬಹುದು, ನಾನು ಏನು ಹೇಳಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಅದನ್ನಾದರೂ ನಿಜ ಹೇಳಬಹುದಿತ್ತು. ಪುಟ್ಟಸ್ವಾಮಿ ಕಡಲೆಕಾಯಿ ಕೈಯಲ್ಲೇ ಹಿಡಿದು, ಮುಖ ಮುಂದೆ ಚಾಚಿ ಕಾಯುತ್ತಿದ್ದ. ನಾನು ಗಂಟಲು ಸರಿಮಾಡಿಕೊಂಡು, “ಮೊದಲು ಬಂಡೆಯ ಹಿಂದಿನಿಂದ ತಲೆ ಮಾತ್ರ ಹಾಕಿತು ಕಣೋ...” ಎಂದು ಆರಂಭಿಸಿದೆ. ಅರ್ಧ ಗಂಟೆ ಹೇಳಿದೆ. ಅವನು ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದ.